ಪಶ್ಚಾತ್ತಾಪ ಆಮೇಲಿರಲಿ, ಮೊದಲು ಡಬ್ಬಿ ತೆರೆಯಿರಿ

ಯಲಹಂಕದ ಗೆಳೆಯರಿಗೆ,

ನಿಮ್ಮ ‘ಕಚ್ಚಿದ ಸೇಬು’ ಪ್ರಬಂಧ ತಲುಪಿತು, ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಹಾಕಲಾಗುವುದಿಲ್ಲ. ‘ಸ್ಥಳಾಭಾವದಿಂದ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು, ಆದರೆ ಒಳಗೆಲ್ಲೋ ಒಂದು ಒಳ್ಳೆಯ ಬರಹ ಸಿಕ್ಕಿಹಾಕಿಕೊಂಡು ಒದ್ದಾಡುತ್ತಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಇಂಥದ್ದೇ ವಿಷಯ ಹಿಡಿದು ಬರೆಯುವವರು ಈಚೆಗೆ ಹೆಚ್ಚಾಗಿರುವುದರಿಂದ ಉತ್ತರವನ್ನು ಅಂಕಣದಲ್ಲೇ ಕೊಡುತ್ತಿದ್ದೇನೆ.

ಪ್ರಬಂಧ ಓದದವರಿಗಾಗಿ ಎರಡು ಮಾತು. ಇವರು ಸಾಫ್ಟ್‌ವೇರ್ ಉದ್ಯೋಗಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೆಕೆಂಡ್‌ಹ್ಯಾಂಡ್ ಐಪಾಡ್ ಕೊಂಡರು. ಅಲ್ಲಿಂದ ಫೋನು, ಲ್ಯಾಪ್‌ಟಾಪು, ಟ್ಯಾಬ್ಲೆಟ್ಟು, ಕಿವಿಗೆ ಸಿಕ್ಕಿಸುವುದು, ಕೈಗೆ ಕಟ್ಟುವುದು ಎಲ್ಲವೂ ಆಪಲ್‌ನದೇ ಆಗಬೇಕು ಎನ್ನುವಲ್ಲಿಗೆ ಬಂತು. ವರ್ಷಾವರ್ಷ ಸೆಪ್ಟೆಂಬರಿನಲ್ಲಿ ಹೊಸ ಫೋನ್ ಬಂದಾಗ ಹಳೆಯದನ್ನು ಮಾರುವುದು, ಹೊಸದಕ್ಕೆ ಕಂತು ಕಟ್ಟುವುದು. ಕೊನೆಗೆ ‘ನಾವೆಲ್ಲ ವಸ್ತುಗಳ ದಾಸರಾಗಿದ್ದೇವೆ’ ಎಂಬ ತೀರ್ಮಾನ.

‘ನಾನೊಬ್ಬ ವ್ಯಸನಿ’ ಎಂಬುದು ನಿಮ್ಮ ಮೊದಲ ವಾಕ್ಯ. ಅಲ್ಲೇ ನಿಮ್ಮ ಮೇಲಿನ ನಂಬಿಕೆ ಅರ್ಧ ಹೋಯಿತು. ಕುಡಿತದ ಬಗ್ಗೆ ಬರೆಯುವವನು ಮೊದಲ ಗುಟುಕಿನ ಸುಖ ಹೇಳದೆ ನೇರವಾಗಿ ಲಿವರಿನ ರಿಪೋರ್ಟ್ ಓದಿಸಿದ ಹಾಗಿದೆ ಇದು. ಇಷ್ಟು ವರ್ಷ ಇಷ್ಟು ದುಡ್ಡು ಸುರಿದಿದ್ದೀರಿ, ಏನೋ ಸಿಕ್ಕಿದ್ದರಿಂದ ತಾನೇ? ಸಿಕ್ಕಿದ್ದೇನು? ಎಷ್ಟು ಡಬ್ಬಿ ನಿಮ್ಮ ಕೈದಾಟಿ ಹೋಗಿವೆ, ಒಂದನ್ನೂ ನಮ್ಮ ಮುಂದೆ ತೆರೆದಿಲ್ಲ. ಮುಚ್ಚಳ ಹಿಡಿದೆತ್ತಿದರೆ ಕೆಳಗಿನ ಭಾಗ ದಬಕ್ಕನೆ ಬೀಳುವುದಿಲ್ಲ, ಗಾಳಿ ನುಸುಳುವಷ್ಟೇ ಸಂದು ಇರುವುದರಿಂದ ತಾನಾಗಿ, ನಿಧಾನವಾಗಿ ಜಾರುತ್ತದೆ. ಅಷ್ಟು ಹೊತ್ತು ನೀವು ಉಸಿರು ಹಿಡಿದಿರುತ್ತೀರಿ. ಡಬ್ಬಿಗಳ ವಿನ್ಯಾಸಕ್ಕೂ ಪೇಟೆಂಟ್ ಪಡೆದಿರುವ ಕಂಪನಿ ಅದು, ಆ ಕಾಯುವಿಕೆ ಸುಮ್ಮನೆ ಬಂದದ್ದಲ್ಲ. ಆಮೇಲೆ ಪರದೆಯ ಮೇಲಿನ ಹಾಳೆಯನ್ನು ಒಂದು ತುದಿಯಿಂದ ಸುಲಿಯುವುದು. ಇದನ್ನು ನಾಚಿಕೆಯಿಲ್ಲದೆ ಬರೆಯಿರಿ. ಸುಖ ಬರೆಯಲು ಬಾರದವರ ಪಶ್ಚಾತ್ತಾಪವನ್ನು ಓದುಗ ನಂಬುವುದಿಲ್ಲ.

ಇನ್ನು ಎರಡನೆಯ ಪುಟದಿಂದ ನಾಲ್ಕನೆಯ ಪುಟದವರೆಗಿನ ಕಂಪನಿಯ ಚರಿತ್ರೆ. 1976ರ ಗ್ಯಾರೇಜು, 1985ರಲ್ಲಿ ಸ್ಟೀವ್ ಜಾಬ್ಸ್ ಹೊರಬಿದ್ದದ್ದು, 1997ರಲ್ಲಿ ಮರಳಿದ್ದು, 2001ರ ಐಪಾಡಿನ ‘ಜೇಬಿನಲ್ಲಿ ಸಾವಿರ ಹಾಡು’. ಒಂದೂ ಸುಳ್ಳಲ್ಲ, ಒಂದೂ ನಿಮ್ಮದಲ್ಲ. ಪೂರ್ತಿ ತೆಗೆಯಿರಿ.

ನಿಮ್ಮದು ಎಂದು ಹೇಳಿಕೊಂಡಿರುವ ಕಡೆ ಮಾತ್ರ ಎಡವಟ್ಟಾಗಿದೆ. ‘2007ರಲ್ಲಿ ಬೆಂಗಳೂರಿನ ಶೋರೂಮಿನಲ್ಲಿ ಮೊದಲ ಐಫೋನ್ ಕೊಂಡೆ’ ಎಂದಿದ್ದೀರಿ. ಐಫೋನ್ ಅಧಿಕೃತವಾಗಿ ನಮ್ಮ ದೇಶಕ್ಕೆ ಬಂದದ್ದು 2008ರ ಆಗಸ್ಟಿನಲ್ಲಿ, ಏರ್‌ಟೆಲ್ ಮತ್ತು ವೊಡಾಫೋನ್ ಮೂಲಕ, ₹31,000ದಿಂದ ಶುರು. 2007ರಲ್ಲೇ ನಿಮ್ಮ ಕೈಯಲ್ಲಿ ಇತ್ತೆಂದಾದರೆ ಅದು ಯಾರದೋ ಸೂಟ್‌ಕೇಸಿನಲ್ಲಿ ಬಂದು, ಇಲ್ಲಿ ಯಾರಿಂದಲೋ ಲಾಕ್ ಒಡೆಸಿಕೊಂಡದ್ದು. ಹಾಗಿದ್ದರೆ ಅದನ್ನೇ ಬರೆಯಿರಿ, ಶೋರೂಮಿಗಿಂತ ಎಷ್ಟೋ ಸ್ವಾರಸ್ಯ ಇದೆ ಅದರಲ್ಲಿ. ‘ಪ್ರತಿ ವರ್ಷ ಆಪಲ್ ಸ್ಟೋರಿನ ಮುಂದೆ ನಸುಕಿನಲ್ಲೇ ಕ್ಯೂ ನಿಲ್ಲುತ್ತಿದ್ದೆ’ ಎಂದೂ ಬರೆದಿದ್ದೀರಿ. ಕಂಪನಿಯ ಸ್ವಂತ ಅಂಗಡಿ ದೇಶದಲ್ಲಿ ಮೊದಲು ತೆರೆದದ್ದೇ 2023ರ ಏಪ್ರಿಲಿನಲ್ಲಿ, ಮುಂಬೈ ಮತ್ತು ದೆಹಲಿಯಲ್ಲಿ. ನಮ್ಮ ಹೆಬ್ಬಾಳದ ಮಾಲ್‌ಗೆ ಬಂದದ್ದು 2025ರ ಸೆಪ್ಟೆಂಬರ್ 2ರಂದು. ಅದಕ್ಕೂ ಮುಂಚೆ ನೀವು ನಿಂತದ್ದು ಬೇರೆಯವರ ಅಂಗಡಿಯ ಮುಂದೆ. ಆ ಅಂಗಡಿ ಬ್ರಿಗೇಡ್ ರೋಡಿನದೋ, ಮಲ್ಲೇಶ್ವರದ್ದೋ? ಕವರು ಹುಡುಕಿಕೊಂಡು ಎಸ್.ಪಿ. ರೋಡಿಗೆ ಹೋಗಲಿಲ್ಲವೇ? ನ್ಯಾಷನಲ್ ಮಾರ್ಕೆಟ್ಟಿನ ಸಂದಿಯಲ್ಲಿ ಸ್ಟೂಲಿನ ಮೇಲೆ ಕೂತ ಹುಡುಗ ನಿಮ್ಮ ಲಕ್ಷ ರೂಪಾಯಿಯ ಫೋನಿಗೆ ನೂರೈವತ್ತರ ಗಾಜು ಅಂಟಿಸುವಾಗ ನಿಮ್ಮ ಮುಖ ಹೇಗಿತ್ತು? ಬೆಂಗಳೂರು ಇರುವುದು ಅಲ್ಲಿ. ನಿಮ್ಮ ಪ್ರಬಂಧದಲ್ಲಿ ಊರಿನ ಹೆಸರಿದೆ, ಊರಿಲ್ಲ.

ಬಾವ ಅಮೆರಿಕದಿಂದ ಐಫೋನ್ 14 ತಂದುಕೊಟ್ಟರು, ಪುಟ್ಟ ಪಿನ್ನು ಚುಚ್ಚಿ ಸಿಮ್ ಟ್ರೇ ಎಳೆಯುವಾಗ ನಿಮ್ಮ ಕೈ ನಡುಗಿತು ಎನ್ನುವ ಸನ್ನಿವೇಶ ಓದುವಾಗ ನನಗೂ ಹಿಡಿಸಿತು. ಆದರೆ ಅಮೆರಿಕದಲ್ಲಿ ಮಾರುವ 14ಕ್ಕೆ ಸಿಮ್ ಟ್ರೇ ಇಲ್ಲ. 2022ರಲ್ಲಿ ಅಲ್ಲಿ ಅದನ್ನು ತೆಗೆದುಹಾಕಿ, ಫೋನಿನೊಳಗೇ ಅಡಕವಾಗಿರುವ ಇ-ಸಿಮ್ ಮಾತ್ರ ಉಳಿಸಿದರು. ಕೈ ನಡುಗಿದ್ದು ಬೇರೆ ಫೋನಿಗಿರಬೇಕು, ಇಲ್ಲವೇ ನಡುಗಿರಲಿಕ್ಕಿಲ್ಲ. ಅನುಭವದ ಬರಹದಲ್ಲಿ ಒಂದು ಇಂಥದ್ದು ಸಿಕ್ಕಿದರೆ ಓದುಗ ಉಳಿದದ್ದನ್ನೂ ಚಿವುಟಿ ನೋಡಲು ಶುರುಮಾಡುತ್ತಾನೆ. ಈ ವಿಷಯದಲ್ಲಂತೂ ನಮ್ಮ ಊರಿನ ಓದುಗರು ಮಾಡೆಲ್ ನಂಬರು ಬಾಯಲ್ಲೇ ಇಟ್ಟುಕೊಂಡಿರುತ್ತಾರೆ.

ಐದನೆಯ ಪುಟದಲ್ಲಿ ಕಂಪನಿಯನ್ನು ಕಟಕಟೆಗೆ ಹತ್ತಿಸಿದ್ದೀರಿ. ‘ಹಳೆಯ ಫೋನನ್ನು ಬೇಕೆಂದೇ ನಿಧಾನ ಮಾಡಿ ನನ್ನಿಂದ ಹೊಸದು ಕೊಳ್ಳಿಸಿದರು.’ ಬ್ಯಾಟರಿ ಹಳತಾದ ಫೋನುಗಳ ವೇಗ ತಗ್ಗಿಸುತ್ತಿದ್ದೇವೆಂದು ಆಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡದ್ದು ನಿಜ. ಫೋನು ಇದ್ದಕ್ಕಿದ್ದಂತೆ ಆಫ್ ಆಗದಿರಲಿ ಎಂದು ಹಾಗೆ ಮಾಡಿದೆವು ಎಂಬುದು ಅವರ ವಿವರಣೆ. ಅದರ ಬೆನ್ನಲ್ಲೇ ಬ್ಯಾಟರಿ ಬದಲಿಸುವ ದರ ಇಳಿಸಿದರು. 2020ರಲ್ಲಿ ಅಮೆರಿಕದ ಮೊಕದ್ದಮೆಯೊಂದನ್ನು ಬಗೆಹರಿಸಲು 50 ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿದರು. ಸರಿ, ಇದರಲ್ಲಿ ನಿಮ್ಮ ಪಾಲೇನು? ನೀವೇ ಬರೆದಿರುವಂತೆ ಪ್ರತಿ ಫೋನೂ ವರ್ಷ ತುಂಬುವ ಮೊದಲೇ ಮಾರಾಟವಾಗಿದೆ. ನಿಮ್ಮ ಕೈಯಲ್ಲಿ ಒಂದು ಬ್ಯಾಟರಿಯೂ ಮುದಿಯಾಗಲಿಲ್ಲ. ಈ ದೂರು ಕೊಡುವ ಹಕ್ಕು ನಿಮ್ಮಿಂದ ಫೋನ್ ಕೊಂಡುಕೊಂಡವರದು.

ಹಸಿರು ಗುಳ್ಳೆ, ನೀಲಿ ಗುಳ್ಳೆಯ ಪುರಾಣವೂ ಆಮದು ಸರಕೇ. ಐಫೋನಿನ ಮೆಸೇಜಿನಲ್ಲಿ ಐಫೋನಿನವರ ಸಂದೇಶ ನೀಲಿಯಾಗಿ, ಆಂಡ್ರಾಯ್ಡ್‌ನವರದು ಹಸಿರಾಗಿ ಕಾಣುವುದರಿಂದ ಅಮೆರಿಕದ ಹುಡುಗರು ನಾಚಿ ಐಫೋನಿಗೆ ಅಂಟಿಕೊಳ್ಳುತ್ತಾರೆ, ಸರಿ. ಅಲ್ಲಿನ ಸರ್ಕಾರ 2024ರಲ್ಲಿ ಆಪಲ್ ಮೇಲೆ ಹೂಡಿದ ಏಕಸ್ವಾಮ್ಯದ ದಾವೆಯಲ್ಲೂ ಆ ಮಾತು ಬಂದಿದೆ. ಆದರೆ ಮದುವೆ ಕರೆಯೋಲೆಯಿಂದ ಹಿಡಿದು ಅಪಾರ್ಟ್‌ಮೆಂಟಿನ ವಾಟರ್ ಟ್ಯಾಂಕರ್ ಜಗಳದವರೆಗೆ ಎಲ್ಲವನ್ನೂ ವಾಟ್ಸಾಪಿನಲ್ಲಿ ಮುಗಿಸುವ ಬೆಂಗಳೂರಿನಲ್ಲಿ ಯಾವ ಗುಳ್ಳೆ, ಯಾವ ನಾಚಿಕೆ?

ನಿಮ್ಮನ್ನು ಕಟ್ಟಿಹಾಕಿದ್ದು ಬೇರೆ. ಅದರ ಚೂರುಗಳು ನಿಮ್ಮ ಬರಹದಲ್ಲೇ ಬಿದ್ದಿವೆ, ನೀವು ಹೆಕ್ಕಿಲ್ಲ. 2012ರಲ್ಲಿ ಚಾರ್ಜಿಂಗ್ ಕೇಬಲ್ಲಿನ ತುದಿ ಬದಲಾಯಿತು, ಮನೆಯಲ್ಲಿದ್ದ ಕೇಬಲ್ಲುಗಳು ಕಸಕ್ಕೆ ಹೋದವು. 2016ರಲ್ಲಿ ಫೋನಿನಿಂದ ಇಯರ್‌ಫೋನ್ ತೂತು ಹೋಯಿತು, ವೈರಿಲ್ಲದ ಏರ್‌ಪಾಡ್ಸ್ ಅದೇ ವೇದಿಕೆಯಲ್ಲಿ ಬಂತು. 2020ರಲ್ಲಿ ಡಬ್ಬಿಯೊಳಗಿನ ಚಾರ್ಜರ್ ಮಾಯವಾಯಿತು. ಆಪಲ್‌ನ ಐಕ್ಲೌಡಿನಲ್ಲಿ ಫೋಟೋ ಇಡಲು ಪುಕ್ಕಟೆ ಜಾಗ 2011ರಿಂದಲೂ 5 ಜಿಬಿ. ಮಗಳು ಹುಟ್ಟಿದ ವರ್ಷ ಅದು ತುಂಬಿತು, ತಿಂಗಳಿಗೆ ನೂರು ರೂಪಾಯಿಗೂ ಕಡಿಮೆ ತಾನೇ ಎಂದು ಕಟ್ಟಲು ಶುರುಮಾಡಿದಿರಿ. ಈಗ ಅವಳ ಬಾಲ್ಯವೆಲ್ಲ ಅಲ್ಲಿದೆ. ಬೇರೆ ಕಂಪನಿಯ ಫೋನ್ ಕೊಳ್ಳಬೇಕೆಂದರೆ ಮೊದಲು ಅದನ್ನು ಸಾಗಿಸಬೇಕು, ಭಾನುವಾರ ಬಂದಾಗಲೆಲ್ಲ ನಿಮಗೆ ಬೇರೇನೋ ಕೆಲಸ. ಇದನ್ನೆಲ್ಲ ನೀವು ಒಂದು ಆವರಣ ಚಿಹ್ನೆಯೊಳಗೆ ತುರುಕಿದ್ದೀರಿ! ಅಂದಹಾಗೆ ನೀವು ಕಳಿಸಿದ ಕಡತ ಆಪಲ್‌ನದೇ ಬರಹದ ತಂತ್ರಾಂಶ ‘ಪೇಜಸ್’ನದು, ನಮ್ಮ ಕಚೇರಿಯ ವಿಂಡೋಸ್ ಕಂಪ್ಯೂಟರಿನಲ್ಲಿ ತೆರೆಯಲಿಲ್ಲ. ಡಿಟಿಪಿಯವರು ಗೊಣಗುತ್ತಾ ಪಿಡಿಎಫ್ ಮಾಡಿ ತಂದುಕೊಟ್ಟರು. ನೀವು ಬರೆಯದೆ ಬಿಟ್ಟ ಪುರಾವೆ ಕಡತದ ಜೊತೆಗೇ ಬಂತು.

ನಾನು ಹೇಳಬೇಕೆಂದಿರುವುದು ಇಷ್ಟು. ಚಟ, ವ್ಯಸನ, ಮಾಯೆ ಎಂದು ಹೆಸರಿಟ್ಟುಬಿಟ್ಟರೆ ಬರೆಯಲು ಏನೂ ಉಳಿಯುವುದಿಲ್ಲ. ನೀವು ಒಂದು ಸಲವೂ ‘ನನಗೆ ಆಸೆಯಾಯಿತು, ಕೊಂಡೆ’ ಎಂದುಕೊಂಡು ಕೊಂಡವರಲ್ಲ. ಪ್ರತಿ ಸಲ ಒಂದು ಲೆಕ್ಕ ಇತ್ತು. ‘ಹಳೆಯದಕ್ಕೆ ಒಳ್ಳೆ ರೇಟು ಬರುತ್ತೆ, ಕೈಯಿಂದ ಹಾಕೋದು ಇಷ್ಟೇ.’ ‘ಮುಂದಿನ ವರ್ಷ ಮಾರಿದರೆ ಲಾಸು, ಈಗಲೇ ಮಾರಬೇಕು.’ ‘ಕಾರ್ಡಿನ ಮೇಲೆ ಕ್ಯಾಶ್‌ಬ್ಯಾಕ್ ಇದೆ.’ ‘ವಾಚು ಆರೋಗ್ಯಕ್ಕೆ.’ ನಿಮ್ಮ ಆಸೆ ಮಾತಾಡುವುದು ಆಡಿಟರ್ ಧ್ವನಿಯಲ್ಲಿ. ಖಾಲಿ ಡಬ್ಬಿಗಳನ್ನು ಬಿಲ್ಲಿನ ಸಮೇತ ಸಜ್ಜಾ ಮೇಲೆ ಜೋಡಿಸಿಟ್ಟಿರುವುದೂ ರೀಸೇಲಿಗೆ ಎಂಬ ಅದೇ ಲೆಕ್ಕದಿಂದ. ಆ ಸಮಜಾಯಿಷಿಗಳನ್ನು ಆಯಾ ವರ್ಷದ ಬೆಲೆಯ ಜೊತೆ, ಮನೆಯಲ್ಲಿ ಆಡಿದ ಮಾತಿನಲ್ಲೇ ಬರೆಯಿರಿ. ವಿವರಣೆ ಬೇಡ. ನಗಬೇಕಾದವರು ನಗುತ್ತಾರೆ, ತಮ್ಮದನ್ನು ಗುರುತಿಸಿಕೊಳ್ಳುವವರು ಸುಮ್ಮನಾಗುತ್ತಾರೆ.

ಆ ಲೆಕ್ಕಗಳಲ್ಲಿ ದೊಡ್ಡದು ‘ಬಡ್ಡಿಯಿಲ್ಲದ ಇಎಂಐ, ಬ್ಯಾಂಕಿನವರಿಗೇ ನಷ್ಟ’ ಎಂಬ ನಿಮ್ಮ ಸಾಲು. ಇದನ್ನು ನೀವು ಇಂದಿಗೂ ನಂಬಿರುವಂತಿದೆ. ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಾಕೀತು ಮಾಡಿತ್ತು. ಆಮೇಲೆ ಬಂದ ‘ನೋ ಕಾಸ್ಟ್’ ಇಎಂಐನಲ್ಲಿ ಬ್ಯಾಂಕು ಬಡ್ಡಿ ಹಾಕುತ್ತದೆ, ಅಷ್ಟು ಮೊತ್ತವನ್ನು ಬೆಲೆಯಲ್ಲಿ ಮೊದಲೇ ಇಳಿಸಿರುತ್ತಾರೆ. ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ, ಪ್ರೊಸೆಸಿಂಗ್ ಫೀ, ಅದರ ಮೇಲೂ ಜಿಎಸ್‌ಟಿ ನಿಮ್ಮ ತಲೆಗೆ. ಹಳೆಯ ಕಾರ್ಡ್ ಸ್ಟೇಟ್‌ಮೆಂಟ್ ತೆಗೆದು ನೋಡಿ, ಪ್ರತಿ ತಿಂಗಳೂ ಕಂತಿನ ಕೆಳಗೆ ಪುಟ್ಟ ಪುಟ್ಟ ಮೊತ್ತದ ಸಾಲುಗಳು ಇರುತ್ತವೆ. ಅವನ್ನು ಹಾಗೇ ಎತ್ತಿ ಪ್ರಬಂಧದಲ್ಲಿ ಇಡಿ. ನಿಮ್ಮ ಉಪಮೆಗಳಿಗಿಂತ ಚೆನ್ನಾಗಿ ಓದಿಸಿಕೊಳ್ಳುತ್ತವೆ.

ಮತ್ತೆ ಆರನೆಯ ಪುಟದ ನಡುವೆ, ಟ್ಯಾಬ್ಲೆಟ್ಟಿನ ಪರದೆಯನ್ನು ಹೊಗಳುವ ಭರದಲ್ಲಿ ಹೀಗೊಂದು ಸಾಲು ಬಂದುಹೋಗಿದೆ: ‘ಆ ಸಲ ಕಂತು ಜಾಸ್ತಿಯಾದ್ದರಿಂದ ಮನೆಯವಳು ಚಿನ್ನದ ಸ್ಕೀಮನ್ನು ಐದನೇ ತಿಂಗಳಿಗೆ ನಿಲ್ಲಿಸಿದಳು, ಇರಲಿ ಬಿಡಿ.’ ಇಲ್ಲಿಗೆ ಬಂದಾಗ ನಾನು ಪೆನ್ನು ಕೆಳಗಿಟ್ಟೆ. ‘ಇರಲಿ ಬಿಡಿ’ ಎಂದವರು ಅವರೋ ನೀವೋ? ಹನ್ನೊಂದು ತಿಂಗಳು ಕಟ್ಟಿ, ಕೊನೆಗೆ ಅಂಗಡಿಯವರ ಬೋನಸ್ಸು ಸೇರಿಸಿ ಒಂದು ಬಳೆಯೋ ಓಲೆಯೋ ಮಾಡಿಸುವ ಸ್ಕೀಮು ಅದು. ಮಧ್ಯೆ ನಿಲ್ಲಿಸಿದರೆ ಬೋನಸ್ಸು ಹೋಯಿತು. ಯಾವುದಕ್ಕೆಂದು ಕಟ್ಟುತ್ತಿದ್ದರು? ಪಾಸ್‌ಬುಕ್ ಇನ್ನೂ ಬೀರುವಿನಲ್ಲಿದೆಯೇ? ಅವರು ಯಾವತ್ತಾದರೂ ಆ ಟ್ಯಾಬ್ಲೆಟ್ ಮುಟ್ಟಿದರೇ? ನಿಮ್ಮ ಲೆಕ್ಕದ ಪುಸ್ತಕದಲ್ಲಿ ರೀಸೇಲು ಇದೆ, ಕ್ಯಾಶ್‌ಬ್ಯಾಕ್ ಇದೆ, ಈ ಐದು ತಿಂಗಳು ಮಾತ್ರ ಇಲ್ಲ. ಪ್ರಬಂಧ ಶುರುವಾಗಬೇಕಾದದ್ದು ಇಲ್ಲಿಂದ ಎಂದು ನನ್ನ ಅಭಿಪ್ರಾಯ. ಆದರೆ ಅವರನ್ನು ತ್ಯಾಗಮಯಿ ಮಾಡಿಬಿಡಬೇಡಿ ದಯವಿಟ್ಟು. ಅಂದು ಅವರು ರೇಗಿದ್ದರೆ ರೇಗಿದ ಮಾತೇ ಬರಲಿ.

ಅಮ್ಮ ವಾಚಿನ ಉದ್ದನೆ ಡಬ್ಬಿಯಲ್ಲಿ ಊದುಬತ್ತಿ ಇಟ್ಟುಕೊಂಡಿದ್ದಾರೆ ಎಂಬ ವಾಕ್ಯ ಇಡೀ ಪ್ರಬಂಧದಲ್ಲಿ ನನಗೆ ಅತಿ ಇಷ್ಟವಾದದ್ದು. ಅದನ್ನು ಮುಟ್ಟಬೇಡಿ. ಅದರ ಹಿಂದೆಯೇ ಬರುವ ‘ಭೋಗದ ಪೆಟ್ಟಿಗೆ ಭಕ್ತಿಗೆ ದಕ್ಕಿತು’ ಎಂಬುದನ್ನು ಹೊಡೆದುಹಾಕಿ.

ಕಾರ್ಖಾನೆಯ ಕಾರ್ಮಿಕರ ಬಗ್ಗೆ ‘ದೂರದ ಚೀನಾದಲ್ಲಿ ಯಾರದೋ ಬೆವರು’ ಎಂಬ ಕಣ್ಣೀರಿನ ಸಾಲೂ ಬೇಡ. 2017ರಲ್ಲಿ ದೇಶದ ಮೊದಲ ಐಫೋನ್ ಜೋಡಣೆಯಾದದ್ದು ನಮ್ಮ ಪೀಣ್ಯದಲ್ಲಿ. 2020ರ ಡಿಸೆಂಬರಿನಲ್ಲಿ ಸಂಬಳದ ವಿಚಾರಕ್ಕೆ ಕಾರ್ಮಿಕರು ಸಿಡಿದೆದ್ದು ಗಾಜು ಪುಡಿಯಾದದ್ದು ಕೋಲಾರದ ನರಸಾಪುರದಲ್ಲಿ. ಈಗ ದೇವನಹಳ್ಳಿಯ ಕಡೆ ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಕಂಪನಿ ಬಂದಿದೆ, ಯಲಹಂಕದಿಂದ ಎಷ್ಟು ದೂರ? ಹೋಗಿ ಶಿಫ್ಟು ಬಿಡುವ ಹೊತ್ತಿಗೆ ನಿಂತು ನೋಡಿ, ಒಬ್ಬರ ಜೊತೆಯಾದರೂ ಮಾತಾಡಿ ಬರೆಯುವುದಾದರೆ ಅದು ಬೇರೆಯೇ ಲೇಖನ, ಅದಕ್ಕೂ ನಮ್ಮಲ್ಲಿ ಜಾಗ ಇದೆ. ಅಲ್ಲಿಗೆ ಹೋಗದೆ ಇಲ್ಲಿ ಒಂದು ಸಾಲು ಬೇಡ.

ಶೀರ್ಷಿಕೆ ಬದಲಿಸಿ. ಕಚ್ಚಿದ ಸೇಬು, ಈಡನ್ ತೋಟ, ಹಾವು, ಇವೆಲ್ಲ ಸವೆದಿವೆ. ಕೊನೆಯ ಪುಟದಲ್ಲಿ ‘ಇಂದಿನಿಂದ ಇನ್ನೇನೂ ಕೊಳ್ಳುವುದಿಲ್ಲ’ ಎಂಬ ಪ್ರತಿಜ್ಞೆಯನ್ನೂ ತೆಗೆಯಿರಿ. ನನಗಂತೂ ನಂಬಿಕೆಯಿಲ್ಲ, ಮುಂದಿನ ಸೆಪ್ಟೆಂಬರಿನಲ್ಲಿ ನಿಮಗೂ ಇರಲಿಕ್ಕಿಲ್ಲ.

ತಿದ್ದಿದ ಪ್ರತಿ 1,200 ಪದ ಮೀರದಿರಲಿ, ಯೂನಿಕೋಡ್‌ನಲ್ಲಿರಲಿ. ದೀಪಾವಳಿ ಸಂಚಿಕೆಯ ಪುಟಗಳು ತುಂಬಿವೆ, ಯುಗಾದಿ ಹೊತ್ತಿಗೆ ನೋಡೋಣ. ಗೌರವಧನ ನಂಬಿ ಯಾವ ಕಂತಿಗೂ ಸಹಿ ಹಾಕಬೇಡಿ, ಅದರಲ್ಲಿ ಚಾರ್ಜರ್ ಬರುವುದೂ ಅನುಮಾನ. ಕಳಿಸುವ ಮೊದಲು ನಿಮ್ಮ ಮನೆಯವರಿಗೆ ಪೂರ್ತಿ ಓದಲು ಕೊಡಿ. ಚಿನ್ನದ ವಿಷಯ ಅಚ್ಚಾಗಲು ಅವರ ಒಪ್ಪಿಗೆ ಇದೆಯೆಂದು ಅವರ ಕೈಬರಹದಲ್ಲೇ ಒಂದು ಸಾಲು ಬೇಕು. ನೀವು ಬರೆದದ್ದಕ್ಕೆ ಅವರ ತಕರಾರಿದ್ದರೆ ಅದನ್ನೂ ಜೊತೆಗೆ ಕಳಿಸಿ, ಪಕ್ಕದಲ್ಲೇ ಹಾಕುತ್ತೇನೆ.

ಇಂತಿ,
ಸಂಪಾದಕ