ದಿನದ ಕೂಲಿ ಬಿಡದೆ ಸರ್ಕಾರಿ ಕೆಲಸ ಮಾಡಿಸಿಕೊಳ್ಳುವುದು ಹೇಗೆ? (ಉಡುಪಿ)

ಬೀಡಿ ಕಟ್ಟುವವರಿಗೆ, ಮಲ್ಪೆ ಬಂದರಿನಲ್ಲಿ ದುಡಿಯುವವರಿಗೆ ಕಚೇರಿಗೊಮ್ಮೆ ಹೋಗಿಬಂದರೆ ಆ ದಿನದ ದುಡಿಮೆ ಹೋದಂತೆಯೇ. ಹಾಗಾಗಿ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟ ಕೂಡಲೇ ‘ಸಕಾಲ’ (ಗೊತ್ತುಪಡಿಸಿದ ಗಡುವಿನೊಳಗೆ ಸರ್ಕಾರಿ ಸೇವೆ ಕೊಡಲೇಬೇಕೆನ್ನುವ ರಾಜ್ಯದ ವ್ಯವಸ್ಥೆ) ಸ್ವೀಕೃತಿ ಕೇಳಿ ಪಡೆಯಿರಿ. ಅದರಲ್ಲಿರುವ 15 ಅಂಕಿಯ ಜಿಎಸ್‌ಸಿ ಸಂಖ್ಯೆಯೇ, ಅಂದರೆ ನಿಮ್ಮ ಅರ್ಜಿಯ ಗುರುತಿನ ಸಂಖ್ಯೆಯೇ ಮುಖ್ಯ. ಅರ್ಜಿ ಯಾವ ಹಂತದಲ್ಲಿದೆ ಎಂದು ಮೊಬೈಲಿನಲ್ಲೇ ನೋಡಬಹುದು, ಸುಮ್ಮನೆ ಬಸ್ಸು ಹತ್ತಬೇಕಿಲ್ಲ.

2012ರಲ್ಲಿ ಜಾರಿಗೆ ಬಂದ ಸಕಾಲ ಕಾಯ್ದೆಯಂತೆ ಗಡುವು ಮೀರಿದರೆ ಮೇಲ್ಮನವಿ ಸಲ್ಲಿಸಬಹುದು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಉಂಟು. ನಿಜ ಹೇಳಬೇಕೆಂದರೆ ಇದು ಬಸ್ ಚಾರ್ಜಿಗೂ ಸಾಲದು. ಆದರೆ ಆ ಹಣ ತಡಮಾಡಿದ ಅಧಿಕಾರಿಯ ಸಂಬಳದಿಂದ ವಸೂಲಾಗುತ್ತದೆ, ಬಿಸಿ ಮುಟ್ಟುವುದು ಅಲ್ಲೇ. ಸ್ವೀಕೃತಿ ಕೊಡದೆ ‘ನಾಳೆ ಬನ್ನಿ’ ಎಂದರೆ ಮಾತ್ರ ಒಪ್ಪಬೇಡಿ.