ಊರಲ್ಲಿ ಶುಗರ್ ಶಿಬಿರ ಮಾಡಿಸಬೇಕು ಅಂತ ಕೇಳಿದವರಿಗೆ

ನೀವು ಕೇಳಿರುವುದು ಇಷ್ಟು: ಬೆಂಗಳೂರಿನಲ್ಲಿ ಕೆಲಸ, ಊರು ನಾಗಮಂಗಲದ ಕಡೆ. ಹೋದ ವರ್ಷ ನಿಮ್ಮ ದೊಡ್ಡಪ್ಪನ ಕಾಲಿನ ಎರಡು ಬೆರಳು ಶುಗರ್‌ನಿಂದ ಹೋದವು. ಗೆಳೆಯರೆಲ್ಲ ಸೇರಿ 40 ಸಾವಿರ ರೂಪಾಯಿ ಕೂಡಿಸಿದ್ದೀರಿ. ಯುಗಾದಿಗೆ ಎಲ್ಲರೂ ಊರಿಗೆ ಬರುತ್ತಾರೆ, ಆವತ್ತೇ ಒಂದು ದೊಡ್ಡ ತಪಾಸಣೆ ಶಿಬಿರ ಮಾಡಿಸೋಣ ಅಂತಿದ್ದೀರಿ. ಏನೇನು ಬೇಕು, ಹೇಗೆ ಮಾಡೋದು?

ನಾನು ಮಂಡ್ಯ ಜಿಲ್ಲೆಯ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಹೆಸರು ದೊಡ್ಡದು, ಊರವರ ಬಾಯಲ್ಲಿ ಬರೀ 'ಸಿಸ್ಟ್ರು'. ಆರು ವರ್ಷದಿಂದ ಬೆರಳು ಚುಚ್ಚುತ್ತಿದ್ದೇನೆ. ಹಾಗಾಗಿ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಂದೇ ದಿನ 200 ಜನರ ಶುಗರ್ ನೋಡುವುದು ಕಷ್ಟವೇ ಅಲ್ಲ. ಅದರಲ್ಲಿ ಸಿಕ್ಕ 20 ಜನ ಮುಂದಿನ ಯುಗಾದಿಗೂ ಮಾತ್ರೆ ನುಂಗುತ್ತಿರಬೇಕಲ್ಲ, ಕಷ್ಟ ಇರುವುದು ಅಲ್ಲಿ. ನಿಮ್ಮ ದುಡ್ಡನ್ನು ಆ 20 ಜನರಿಗೆ ಅಂತ ಎತ್ತಿಡಿ.

ಮೂರು ವರ್ಷದ ಹಿಂದೆ ಪಕ್ಕದ ಊರಿನಲ್ಲಿ ನವೆಂಬರ್ 14ಕ್ಕೆ ಒಂದು ಶಿಬಿರ ಆಯಿತು. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನ ಅದು, ಅದಕ್ಕೇ ವಿಶ್ವ ಮಧುಮೇಹ ದಿನ. ನಮ್ಮಲ್ಲಿ ಮಕ್ಕಳ ದಿನಾಚರಣೆಯೂ ಅವತ್ತೇ ಆದ್ದರಿಂದ ಶಾಲೆ ಮುಂದೆ ಶಾಮಿಯಾನ ಹೇಗೂ ಇತ್ತು. ಹೊರಗಿನಿಂದ ಬಂದ ತಂಡದವರು ಮಧ್ಯಾಹ್ನದೊಳಗೆ ಎಲ್ಲರ ಬೆರಳು ಚುಚ್ಚಿ, ಚೀಟಿ ಕೊಟ್ಟು, ಫೋಟೋ ತೆಗೆಸಿಕೊಂಡು ಹೋದರು. ಏಳು ತಿಂಗಳಾದ ಮೇಲೆ ಕಾಲಿನ ಹುಣ್ಣು ತೋರಿಸಲು ಒಬ್ಬ ಅಜ್ಜಿ ಬಂದರು. ಶುಗರ್ ಇದೆಯಾ ಅಜ್ಜಿ ಅಂತ ಕೇಳಿದೆ. "ಅವತ್ತು ಚೀಟಿ ಕೊಟ್ರಲ್ಲ ಕಣವ್ವ, ದೇವರ ಫೋಟೋ ಹಿಂದೆ ಮಡಗಿವ್ನಿ" ಅಂದರು. ಮೊಮ್ಮಗ ಓಡಿ ಹೋಗಿ ತಂದ. ಚೀಟಿಯಲ್ಲಿ 312 ಅಂತಿತ್ತು, ಅದರ ಕೆಳಗೆ ಏನೂ ಇರಲಿಲ್ಲ. ಎಲ್ಲಿಗೆ ಹೋಗಬೇಕು, ಯಾರನ್ನು ಕಾಣಬೇಕು, ಒಂದಕ್ಷರ ಇಲ್ಲ.

ಇನ್ನು ನಿಮ್ಮ ಪ್ರಶ್ನೆಗೆ ಬರೋಣ. ಜನ ಎಲ್ಲಿ ಸಿಗುತ್ತಾರೆ? ಶಾಮಿಯಾನದಲ್ಲಂತೂ ಅಲ್ಲ, ಹಾಲಿನ ಡೈರಿ ಮುಂದೆ. ನಮ್ಮ ಉಪಕೇಂದ್ರವನ್ನು ಗಂಡಸರು ಇವತ್ತಿಗೂ 'ಬಸುರಿಯರ ಆಸ್ಪತ್ರೆ' ಅಂತಲೇ ಅಂದುಕೊಂಡಿದ್ದಾರೆ. ಆಶಾ ಕಾರ್ಯಕರ್ತೆ ಮನೆಗೆ ಹೋಗುವ ಹೊತ್ತಿಗೆ ಅವರು ಗದ್ದೆಯಲ್ಲಿರುತ್ತಾರೆ. ಬೆಳಿಗ್ಗೆ ಆರರಿಂದ ಏಳೂವರೆ ತನಕ ಮಾತ್ರ ಕ್ಯಾನ್ ಹಿಡಿದು ಡೈರಿ ಮುಂದೆ ಸಾಲಾಗಿ ನಿಂತಿರುತ್ತಾರೆ, ಖಾಲಿ ಹೊಟ್ಟೆಯಲ್ಲಿ. ನಮಗೆ ಬೇಕಾಗಿದ್ದೂ ಅದೇ. ಕಾರ್ಯದರ್ಶಿಯನ್ನು ಕೇಳಿ ಅಲ್ಲೇ ಒಂದು ಮೇಜು ಹಾಕಿಸಿಕೊಂಡೆ. ಮೊದಲ ವಾರದಲ್ಲೇ, ಎರಡು ವರ್ಷ ಕರೆದರೂ ಬಾರದಿದ್ದವರು ಸಿಕ್ಕರು.

ಖಾಲಿ ಹೊಟ್ಟೆ ಅಂದೆನಲ್ಲ, ಅದನ್ನು ಬಿಡಿಸಿ ಕೇಳಬೇಕು. "ಏನೂ ತಿಂದಿಲ್ಲ" ಅನ್ನುತ್ತಾರೆ. ಟೀ? "ಟೀ ಕುಡಿದೆ, ಅಷ್ಟೇ." ಟೀ ನಮ್ಮಲ್ಲಿ ಊಟದ ಲೆಕ್ಕಕ್ಕೆ ಬರುವುದಿಲ್ಲ, ಅದರಲ್ಲಿರುವ ಎರಡು ಚಮಚ ಸಕ್ಕರೆಯೂ ಬರುವುದಿಲ್ಲ.

ಕೈ ತೊಳೆಸದೆ ಬೆರಳು ಚುಚ್ಚಬೇಡಿ. ಇದನ್ನು ನಾನು ಕಲಿತದ್ದು ಒಂದು ಆಲೆಮನೆಯಲ್ಲಿ. ಬೆಲ್ಲ ಅಚ್ಚಿಗೆ ಹೊಯ್ಯುತ್ತಿದ್ದ ಹುಡುಗನೊಬ್ಬನ ಬೆರಳು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಚುಚ್ಚಿದೆ. 380 ಬಂತು. ಅವನ ಮುಖ ಬಿಳಿಚಿಕೊಂಡಿತು, ನನ್ನದೂ. ಸೋಪು ಹಾಕಿ ತೊಳೆಸಿ, ಒರೆಸಿ, ಇನ್ನೊಂದು ಬೆರಳಲ್ಲಿ ನೋಡಿದರೆ 104. ಮಿಷನ್ ನೋಡಿದ್ದು ಅವನ ರಕ್ತದ ಸಕ್ಕರೆಯಲ್ಲ, ಬೆರಳಿಗೆ ಅಂಟಿದ್ದ ಬೆಲ್ಲ. ಮಾವು, ಬಾಳೆಹಣ್ಣು ತಿಂದ ಕೈಯಲ್ಲೂ ಹೀಗೇ ಆಗುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳವನ್ನೂ ತೆರೆದಿಡಬೇಡಿ, ತೇವ ತಾಗಿದರೆ ಸ್ಟ್ರಿಪ್ ಸುಳ್ಳು ಹೇಳುತ್ತದೆ.

ಲೆಕ್ಕ ಹೀಗೆ. ಯಾವುದೋ ಹೊತ್ತಿನಲ್ಲಿ ಬೆರಳಿನಿಂದ ನೋಡಿದಾಗ 140 ದಾಟಿದರೆ ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಅದು ಕಾಯಿಲೆ ಇದೆ ಅನ್ನುವ ತೀರ್ಪಲ್ಲ, ಇನ್ನೊಮ್ಮೆ ಸರಿಯಾಗಿ ನೋಡಿ ಅನ್ನುವ ಸೂಚನೆ. ಖಾಲಿ ಹೊಟ್ಟೆಯ ಲ್ಯಾಬ್ ಪರೀಕ್ಷೆಯಲ್ಲಿ 126 ಅಥವಾ ಜಾಸ್ತಿ, ಇಲ್ಲವೇ ಎಚ್‌ಬಿಎ1ಸಿ 6.5 ಅಥವಾ ಜಾಸ್ತಿ ಬಂದರೆ ಡಾಕ್ಟರು ಶುಗರ್ ಅಂತ ಹೇಳುತ್ತಾರೆ. ಈ ಎಚ್‌ಬಿಎ1ಸಿ ಏನು ಅಂತ ಹೇಳಿ ಅರ್ಥ ಮಾಡಿಸಲು ನಾನು ಬಹಳ ಒದ್ದಾಡಿದ್ದೆ. ಡೈರಿ ಮುಂದೆ ಅದೂ ಸಲೀಸಾಯಿತು. ಬೆರಳು ಚುಚ್ಚಿ ನೋಡುವುದು ಇವತ್ತಿನ ಹಾಲಿನ ಫ್ಯಾಟ್ ಚೀಟಿ ಇದ್ದ ಹಾಗೆ, ಇದು ಮೂರು ತಿಂಗಳ ಒಟ್ಟು ಬಟವಾಡೆ ಇದ್ದ ಹಾಗೆ ಅಂದೆ. ಹಿಂದಿನ ದಿನ ಉಪವಾಸ ಮಾಡಿ ಬಂದು ನನ್ನನ್ನು ಯಾಮಾರಿಸಬಹುದು, ಬಟವಾಡೆಯನ್ನು ಯಾಮಾರಿಸಲು ಆಗಲ್ಲ ಅಂದಾಗ ಎಲ್ಲರೂ ನಕ್ಕರು.

"ಮೈ ಮುರಿದು ದುಡಿಯೋರು ನಾವು, ಹಿಟ್ಟು ಉಣ್ಣೋರು, ನಮಗ್ಯಾಕೆ ಶುಗರ್?" ಈ ಮಾತು ನಿಮಗೆ ಖಂಡಿತ ಕೇಳಿಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ ತುಂಬ ಮಾಡಿದ ಸಮೀಕ್ಷೆ 2023ರಲ್ಲಿ ಹೊರಬಂತು. ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಶುಗರ್, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ಹಳ್ಳಿಗಳಲ್ಲಿ ದೊಡ್ಡವರಲ್ಲಿ ನೂರಕ್ಕೆ 8.9, ಪಟ್ಟಣಗಳಲ್ಲಿ 16.4. ಅಂದರೆ 200 ಜನರನ್ನು ನೋಡಿದರೆ ಹದಿನೆಂಟು ಇಪ್ಪತ್ತು ಜನ ಸಿಗುತ್ತಾರೆ ಅಂತ ಇಟ್ಟುಕೊಳ್ಳಿ. ದುಡಿಮೆಯೂ ಮೊದಲಿನಂತಿಲ್ಲ ಬಿಡಿ. ಟಿಲ್ಲರ್ ಬಂತು, ಪಕ್ಕದ ಬೀದಿಗೂ ಬೈಕು ಬಂತು, ಪಂಪ್‌ಸೆಟ್ಟನ್ನು ಮೊಬೈಲಿನಲ್ಲೇ ಆನ್ ಮಾಡುತ್ತಾರೆ.

ಹಿಟ್ಟಿನ ವಿಷಯ ಸ್ವಲ್ಪ ಸೂಕ್ಷ್ಮ. ಮುದ್ದೆ ಬಿಡಿ ಅಂತ ಮಂಡ್ಯದಲ್ಲಿ ಹೇಳಿದರೆ ನಿಮ್ಮನ್ನೇ ಬಿಡುತ್ತಾರೆ. ರಾಗಿಯಲ್ಲಿ ನಾರಿದೆ, ಸುಣ್ಣದಂಶ ಇದೆ, ಪಾಲಿಶ್ ಅಕ್ಕಿಗಿಂತ ಒಳ್ಳೆಯದೇ. ಆದರೆ ಅದರಲ್ಲಿ ಜಾಸ್ತಿ ಇರುವುದು ಪಿಷ್ಟವೇ, ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ ಆಗುತ್ತದೆ. ಹೊತ್ತಿಗೆ ಎರಡು ದಪ್ಪ ಮುದ್ದೆ, ಆಮೇಲೆ ತಟ್ಟೆ ತುಂಬ ಅನ್ನ ಉಂಡರೆ ರಾಗಿ ಏನು ಮಾಡೀತು? ಮುದ್ದೆ ಸಣ್ಣದಾಗಲಿ, ಅನ್ನ ಎರಡು ತುತ್ತಾಗಲಿ, ಸೊಪ್ಪಿನ ಸಾರು, ಹುರುಳಿ, ಅವರೆ ಜಾಸ್ತಿಯಾಗಲಿ ಅನ್ನುತ್ತೇನೆ. ಇದನ್ನು ಮುದ್ದೆ ಕಟ್ಟುವವರಿಗೆ ಹೇಳಬೇಕು, ಉಣ್ಣುವವರಿಗೆ ಹೇಳಿ ಪ್ರಯೋಜನ ಇಲ್ಲ. ಬೆಲ್ಲದ ಟೀ ಕುಡಿದರೆ ಏನೂ ಆಗಲ್ಲ ಅನ್ನುವವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಬೆಲ್ಲದಲ್ಲೂ ಮುಕ್ಕಾಲಿಗಿಂತ ಜಾಸ್ತಿ ಸಕ್ಕರೆಯೇ. ಕಬ್ಬು ಬೆಳೆಯುವವರಿಗೆ ನಾನು ಇದನ್ನು ಹೇಳಿಕೊಡಬೇಕಾಗಿ ಬಂದಿದೆ!

ಈಗ ಆ 20 ಜನರ ಕಡೆ ಬರುತ್ತೇನೆ. ಅವರು ಮಾತ್ರೆ ಯಾಕೆ ಬಿಡುತ್ತಾರೆ ಅಂತ ನಾನು ಒಂದು ನೋಟ್‌ಬುಕ್ಕಿನಲ್ಲಿ ಅವರ ಮಾತಲ್ಲೇ ಬರೆದಿಡುತ್ತಿದ್ದೆ. ಮಾತ್ರೆ ಖಾಲಿಯಾಯಿತು, ಜ್ವರದ ಮಾತ್ರೆಯ ಹಾಗೆ ಇದೂ ಮುಗಿಯಿತು ಅಂದುಕೊಂಡೆ. ಶುಗರ್ ನಾರ್ಮಲ್ ಬಂತು, ಇನ್ಯಾಕೆ? ನೆಂಟರೊಬ್ಬರು ಕಿಡ್ನಿ ಹೋಗುತ್ತೆ ಅಂದರು. ಇನ್ಸುಲಿನ್ ಗಿಡದ ಎಲೆ ಅಗಿಯುತ್ತಿದ್ದೇನೆ. ಮೆಟ್‌ಫಾರ್ಮಿನ್ ತಗೊಂಡರೆ ಹೊಟ್ಟೆ ಕೆಡುತ್ತೆ. ಈ ಕೊನೆಯದು ನಿಜ. ಮೊದಲ ವಾರಗಳಲ್ಲಿ ಕೆಲವರಿಗೆ ಭೇದಿಯಾಗುತ್ತದೆ, ಊಟದ ಜೊತೆಗೋ ಊಟವಾದ ಮೇಲೋ ತಗೊಂಡರೆ ಎಷ್ಟೋ ಜನಕ್ಕೆ ಸರಿಹೋಗುತ್ತದೆ, ಆಗದಿದ್ದರೆ ಡಾಕ್ಟರಿಗೆ ಹೇಳಿ ಅಂತ ಮೊದಲ ದಿನವೇ ಹೇಳಿದ್ದರೆ ಅವರು ಬಿಡುತ್ತಿರಲಿಲ್ಲ. ಕಿಡ್ನಿ ಹಾಳು ಮಾಡುವುದು ಹತೋಟಿಗೆ ಬಾರದ ಶುಗರ್ ಅನ್ನುವುದನ್ನು ಮಾತ್ರ ಸಾವಿರ ಸಲ ಹೇಳಿದರೂ ಸಾಲದು.

ನನ್ನ ಕಡೆಯ ತಪ್ಪೂ ಒಂದಿದೆ. ಒಬ್ಬರು ರಾತ್ರಿ ಪಾಳಿಯ ಥ್ರೀ ಫೇಸ್ ಕರೆಂಟಿಗೆ ಕಾದು ನೀರು ಹಾಯಿಸಲು ಹೋಗುತ್ತಿದ್ದರು. ಅವರು ನುಂಗುತ್ತಿದ್ದದ್ದು ಗ್ಲಿಮಿಪಿರೈಡ್, ಸಕ್ಕರೆಯನ್ನು ಸರ್ರನೆ ಕೆಳಗಿಳಿಸಬಲ್ಲ ಮಾತ್ರೆ. ಅವರ ಊಟದ ಹೊತ್ತು ಯಾವುದು ಅಂತ ನಾನು ಕೇಳಿರಲೇ ಇಲ್ಲ. ಒಂದು ರಾತ್ರಿ ಮಾತ್ರೆ ನುಂಗಿ, ಬಂದು ಉಂಡರಾಯಿತು ಅಂತ ಹೋಗಿದ್ದಾರೆ. ಬೆವರು, ಕೈ ನಡುಕ, ಬದುವಿನ ಮೇಲೆ ಕುಸಿದು ಕೂತಿದ್ದಾರೆ. ಪಕ್ಕದ ಗದ್ದೆಯವರು ನೋಡಿದ್ದರಿಂದ ಉಳಿದರು. ಅಂದಿನಿಂದ ಮಾತ್ರೆ ಕೊಡುವ ಮುಂಚೆ ಊಟ ಎಷ್ಟು ಹೊತ್ತಿಗೆ ಅಂತ ಕೇಳುತ್ತೇನೆ. ಜೇಬಿನಲ್ಲಿ ಒಂದು ಸಣ್ಣ ಪೊಟ್ಟಣ ಸಕ್ಕರೆ ಇಟ್ಟುಕೊಳ್ಳಲು ಹೇಳುತ್ತೇನೆ. ಹಾಗಾದಾಗ ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು, ಕಾಲು ಗಂಟೆ ಬಿಟ್ಟು ಮತ್ತೆ ನೋಡಬೇಕು, ಆಮೇಲೆ ಊಟ ಮಾಡಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಬೇಕು.

ನಿಮ್ಮ ದೊಡ್ಡಪ್ಪನ ಕಾಲಿನ ವಿಷಯ ಓದಿ ಬೇಸರವಾಯಿತು. ಕಾಲು ಹೋಗುವುದು ನೋವಿನಿಂದಲ್ಲ, ನೋವು ಗೊತ್ತಾಗದೆ ಇರುವುದರಿಂದ. ಮುಳ್ಳು ಹೊಕ್ಕರೂ ಗೊತ್ತಾಗಲ್ಲ, ಜೋಮು ಹಿಡಿದಿದೆ ಅಂತ ಬಿಸಿನೀರಲ್ಲಿ ಕಾಲಿಟ್ಟು ಸುಟ್ಟುಕೊಂಡರೂ ಗೊತ್ತಾಗಲ್ಲ. ಇದನ್ನು ನೋಡಲು ಯಾವ ಮಿಷನ್ನೂ ಬೇಡ. ಅವರು ಕಣ್ಣು ಮುಚ್ಚಿಕೊಳ್ಳಲಿ. ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ನಿಮ್ಮ ತೋರುಬೆರಳಿಂದ ಒಂದೆರಡು ಸೆಕೆಂಡ್ ಮೆಲ್ಲಗೆ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ. ಆರರಲ್ಲಿ ಎರಡು ಕಡೆ ಗೊತ್ತಾಗದಿದ್ದರೂ ಆ ಕಾಲಿಗೆ ಅಪಾಯ ಇದೆ ಅಂತ ಲೆಕ್ಕ. ಊರಿನ ಹುಡುಗರಿಗೆ ಹತ್ತು ನಿಮಿಷದಲ್ಲಿ ಕಲಿಸಬಹುದು. ದೊಡ್ಡಪ್ಪನ ಇನ್ನೊಂದು ಕಾಲನ್ನೂ ಈ ಸಲ ಹೋದಾಗ ಹೀಗೆ ನೋಡಿ.

ಬೆನ್ನು ಬಿಡದೆ ನೋಡಿಕೊಂಡರೆ ಹಳ್ಳಿಯಲ್ಲೂ ಇದು ಆಗುತ್ತದೆ. ತಮಿಳುನಾಡಿನ ಚುಣಂಪೇಟ್ ಸುತ್ತಿನ 42 ಹಳ್ಳಿಗಳಲ್ಲಿ ಚೆನ್ನೈನ ಶುಗರ್ ತಜ್ಞ ಡಾ. ವಿ. ಮೋಹನ್ ಅವರ ತಂಡ 2006ರ ಹೊತ್ತಿಗೆ ಒಂದು ಕೆಲಸ ಶುರುಮಾಡಿತು. ಕಣ್ಣಿನ ಫೋಟೋ ತೆಗೆಯುವ ಕ್ಯಾಮೆರಾ ಇದ್ದ ವ್ಯಾನು ಊರೂರಿಗೆ ಹೋಗುತ್ತಿತ್ತು, ಚಿತ್ರಗಳು ಇಸ್ರೋ ಉಪಗ್ರಹದ ಮೂಲಕ ಚೆನ್ನೈಗೆ ಹೋಗುತ್ತಿದ್ದವು. 27 ಸಾವಿರ ದೊಡ್ಡವರಲ್ಲಿ 23 ಸಾವಿರಕ್ಕೂ ಜಾಸ್ತಿ ಜನರನ್ನು ತಪಾಸಣೆ ಮಾಡಿದರು. ನನಗೆ ಇಷ್ಟವಾದದ್ದು ವ್ಯಾನಲ್ಲ. ಅವರು ಆ ಹಳ್ಳಿಯಲ್ಲೇ ಒಂದು ಕ್ಲಿನಿಕ್ ತೆರೆದು ಕೂತರು. ಒಂದು ವರ್ಷದಲ್ಲಿ ಅಲ್ಲಿನ ರೋಗಿಗಳ ಸರಾಸರಿ ಎಚ್‌ಬಿಎ1ಸಿ 9.3ರಿಂದ 8.5ಕ್ಕೆ ಇಳಿಯಿತು.

ನಿಮಗೆ ಕ್ಲಿನಿಕ್ ತೆರೆಯಬೇಕಾಗಿಲ್ಲ, ನಿಮ್ಮೂರಿನ ಹತ್ತಿರವೂ ನಮ್ಮಂಥ ಒಂದು ಉಪಕೇಂದ್ರ ಇದ್ದೇ ಇರುತ್ತದೆ, ಈಗ ಅದರ ಬೋರ್ಡಿನ ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತಿರುತ್ತದೆ. 30 ದಾಟಿದವರಿಗೆ ಬಿಪಿ, ಶುಗರ್ ಪರೀಕ್ಷೆ ಅಲ್ಲಿ ಬಿಟ್ಟಿ, ಮಾತ್ರೆಯೂ ಬಿಟ್ಟಿ. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಂತೂ ಮನೆಗೇ ಬಂದು ನೋಡುತ್ತಾರೆ. ಹಾಗಾಗಿ ಸ್ಟ್ರಿಪ್ಪಿಗೆ ದುಡ್ಡು ಸುರಿಯಬೇಡಿ. ಮೊದಲು ಅಲ್ಲಿನ ಸಿಸ್ಟರ್ ಮತ್ತು ಆಶಾ ಅವರ ಜೊತೆ ಕೂತು ಮಾತಾಡಿ. ಯಾರಿಗೆ ಶುಗರ್ ಇದೆ, ಯಾರು ಮಾತ್ರೆ ಬಿಟ್ಟಿದ್ದಾರೆ ಅನ್ನುವುದು ಅವರ ರಿಜಿಸ್ಟರಿನಲ್ಲಿ ಆಗಲೇ ಇರುತ್ತದೆ. ಆ ಹೆಸರುಗಳನ್ನು ನಿಮ್ಮ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಮದುವೆಯಾಗದ ಹೆಣ್ಣುಮಕ್ಕಳ ಮನೆಯಲ್ಲಿ ಶುಗರ್ ಇನ್ನೂ ಗುಟ್ಟು. ಬಸುರಿಯಾಗಿದ್ದಾಗ ಶುಗರ್ ಬಂದು, ಹೆರಿಗೆಯಾದ ಮೇಲೆ ಮತ್ತೆ ನೋಡಿಸಿಕೊಳ್ಳದ ಹೆಣ್ಣುಮಕ್ಕಳು ಎಷ್ಟು ಜನ ಅಂತಲೂ ಕೇಳಿ.

ದುಡ್ಡು ಬೇಕಾಗುವುದು ಬೇರೆ ಕಡೆ. ವರ್ಷಕ್ಕೊಮ್ಮೆ ಕಣ್ಣಿನ ಒಳಪದರ ತೋರಿಸಲು ಜಿಲ್ಲಾ ಆಸ್ಪತ್ರೆಗೆ ಹೋಗಬೇಕು, ಕಣ್ಣಿಗೆ ಔಷಧಿ ಬಿಟ್ಟರೆ ಕೆಲವು ಗಂಟೆ ಮಂಜಾಗಿರುತ್ತದೆ, ಒಬ್ಬರೇ ಹೋಗಿ ಬರಲು ಆಗಲ್ಲ. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಬಿಟ್ಟಿಯಾಗಿದ್ದು ನನಗೆ ತುಂಬ ಅನುಕೂಲವಾಗಿದೆ, ಗಂಡಸರ ಕೂಲಿ ತಪ್ಪುವುದೇ ತೊಂದರೆ. ಎಲ್ಲರಿಗೂ ಸೇರಿ ಒಂದು ವ್ಯಾನು ಮಾಡಿ. ಸ್ಪರ್ಶ ಹೋದವರಿಗೆ ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿ ಕೊಡಿಸಿ. ಉಪಕೇಂದ್ರದಲ್ಲಿ ಮಾತ್ರೆ ಬಾರದ ತಿಂಗಳು ಇರುತ್ತದೆ, ನಮಗೂ ಒಮ್ಮೆ ಐದು ವಾರ ಬರಲಿಲ್ಲ. ಆಗ ಜನೌಷಧಿ ಅಂಗಡಿಯಿಂದ ಅವರವರ ಚೀಟಿಯಂತೆ ತರಿಸಲು ಸ್ವಲ್ಪ ತೆಗೆದಿಡಿ. ಡೈರಿ ಹುಡುಗನೋ, ಸಂಘದ ಹೆಣ್ಣುಮಗಳೋ, ಊರಲ್ಲೇ ಇರುವ ಒಬ್ಬರು ತಿಂಗಳಿಗೊಮ್ಮೆ ಆ 20 ಮನೆಗೆ ಹೋಗಿ ಮಾತ್ರೆ ಇದೆಯಾ, ಕಾಲು ನೋಡಿಕೊಂಡಿರಾ ಅಂತ ಕೇಳಲಿ. ಅವರಿಗೆ ತಿಂಗಳಿಗೆ ಒಂದು ಸಾವಿರ ಕೊಟ್ಟರೂ ವರ್ಷಕ್ಕೆ 12 ಸಾವಿರ. ಶಾಮಿಯಾನ, ಮೈಕು, ಬ್ಯಾನರಿಗೆ ಹೆಚ್ಚು ಕಡಿಮೆ ಅಷ್ಟೇ ಆಗುತ್ತದೆ.

ಇನ್ನು ಯುಗಾದಿ ದಿನ. ದಯವಿಟ್ಟು ಬೇಡ. ಬೇವು ಬೆಲ್ಲ ತಿಂದು, ಒಬ್ಬಟ್ಟು ಉಂಡು ಬಂದವರ ಬೆರಳು ಚುಚ್ಚಿದರೆ ನಿಮ್ಮ ಮಿಷನ್ ಇಡೀ ಊರನ್ನೇ ಆಸ್ಪತ್ರೆಗೆ ಕಳಿಸಿಬಿಡುತ್ತದೆ. ಮಾರನೇ ದಿನ ಹೊಸತೊಡಕು, ಅವತ್ತಂತೂ ಯಾರೂ ಸಿಗಲ್ಲ. ಹಬ್ಬಕ್ಕೆ ಬಂದಾಗ ಸಿಸ್ಟರನ್ನು ಕಂಡು ಮಾತಾಡಿ, ಡೈರಿ ಕಾರ್ಯದರ್ಶಿಯನ್ನು ಒಪ್ಪಿಸಿ. ಎರಡು ವಾರ ಬಿಟ್ಟು ಒಂದು ಭಾನುವಾರ ಬೆಳಿಗ್ಗೆ ಐದೂವರೆಗೆ ಅಲ್ಲಿ ಮೇಜು ಹಾಕಿ. ಸೋಪು, ನೀರು, ಒಣ ಬಟ್ಟೆ ಮರೆಯಬೇಡಿ.