ಸಿಲ್ವರ್ ಓಕ್ ಬೇಡ, ಹಲಸು ನೋಡಿ

ಸೋಮವಾರಪೇಟೆಯ ಕಾಫಿ ತೋಟದಲ್ಲಿ ಬಿದ್ದ ಸಿಲ್ವರ್ ಓಕ್‌ನಿಂದ ತರಕಾರಿ ಹೆಚ್ಚುವ ಮಣೆ ಮಾಡಬಹುದಾ ಅಂತ ಕೇಳಿದ್ದೀರಿ. ನಾನಾದರೆ ಬೇಡ ಅನ್ನುತ್ತೇನೆ. ಮರ ಮೆದು, ಚಾಕುವಿನ ಗೀರು ಬೇಗ ಬೀಳುತ್ತದೆ, ಅದರ ಹೊಟ್ಟು ಕೆಲವರಿಗೆ ತುರಿಕೆ ತರುತ್ತದೆ. ತೋಟದಲ್ಲಿ ಹಲಸೂ ಇರುತ್ತದಲ್ವಾ? ಆ ಮರದ ನಡುವಿನ ಹಳದಿ ತಿರುಳು ತಗೊಳ್ಳಿ, ಅಂಚಿನ ಬಿಳಿ ಭಾಗ ಬಿಡಿ, ಹುಳ ಹಿಡಿಯುತ್ತದೆ.

ಒಣಗಿಸುವುದೇ ದೊಡ್ಡ ಕೆಲಸ. ಹಲಗೆ ಕೊಯ್ಸಿದ ಕೂಡಲೇ ತುದಿಗಳಿಗೆ ಮೇಣ ಬಳಿದು, ನಡುವೆ ರೀಪು ಇಟ್ಟು ಗಾಳಿಯಾಡುವ ನೆರಳಲ್ಲಿ ಪೇರಿಸಿ. 1 ಇಂಚು ದಪ್ಪಕ್ಕೆ ಸುಮಾರು 1 ವರ್ಷ ಅನ್ನುವುದು ರೂಢಿಯ ಲೆಕ್ಕ, ಆದರೆ ನಮ್ಮ ಕೊಡಗಿನ ಮಳೆಗಾಲದಲ್ಲಿ ಒಣಗಿದ ಮರವೂ ಮತ್ತೆ ತೇವ ಎಳೆದುಕೊಳ್ಳುತ್ತದೆ, ಹಾಗಾಗಿ ಕೊನೆಯ ಉಜ್ಜುಕೆಲಸ ಫೆಬ್ರವರಿ, ಮಾರ್ಚ್‌ಗೆ ಇಟ್ಟುಕೊಳ್ಳಿ. ಸೂರ್ಯಕಾಂತಿ ಎಣ್ಣೆ ಹಚ್ಚಬೇಡಿ, ಕಮಟುತ್ತದೆ. ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್‌ನಲ್ಲಿ ಸ್ವಲ್ಪ ಜೇನುಮೇಣ ಕರಗಿಸಿ ಹಚ್ಚಿ.